ಸುಮಿಂತ್ರಾ ಬೇಡವೆಂದ ಮೂರು ಜಾಗ

ಸುವಾ ನಗರದ ರೈವಾಕಾ ಬಡಾವಣೆಯ ಸಾಲು ಫ್ಲ್ಯಾಟುಗಳಲ್ಲಿ ನಮ್ಮದು ನೆಲದ ಮೇಲಿನದು, ಸುಮಿಂತ್ರಾಳದು ಅದರ ಮೇಲಿನದು. ನಲವತ್ತೆರಡು ವರ್ಷ ಅವಳು ನನ್ನ ತಲೆಯ ಮೇಲೆ ನಡೆದಾಡಿದಳು. ಎಷ್ಟು ಹೊತ್ತಿಗೆ ಎದ್ದಳು, ಯಾವಾಗ ದೀಪ ಹಚ್ಚಿದಳು, ಇವತ್ತು ಯಾವ ಮೊಣಕಾಲು ನೋಯುತ್ತಿದೆ, ಎಲ್ಲವೂ ನನಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಅವಳು ಆಚೆ ದ್ವೀಪದ ಲಂಬಾಸಾ ಕಡೆಯ ಹುಡುಗಿ. ಹದಿನೇಳಕ್ಕೆ ಮದುವೆಯಾಯಿತು, ಹತ್ತೊಂಬತ್ತಕ್ಕೆ ಗಂಡ ಇನ್ನೊಬ್ಬಳನ್ನು ಮನೆಗೆ ತಂದ. ಅದೇ ತಿಂಗಳು ಇಲ್ಲಿ ಸುವಾದಲ್ಲಿ ಅವಳ ಅಣ್ಣನ ಹೆಂಡತಿ ತೀರಿಕೊಂಡಳು. ಅಣ್ಣ ಹಡಗು ಹತ್ತಿ ಹೋಗಿ ತಂಗಿಯನ್ನು ಕರೆತಂದ. ಮಕ್ಕಳಿಬ್ಬರು. ಶಿರೋಮಣಿಗೆ ಆರು ವರ್ಷ, ಸುರುಜ್‌ಪಾಲನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಹೆರದೆಯೇ ಇಬ್ಬರು ಮಕ್ಕಳ ತಾಯಿಯಾದಳು. ಆದರೂ ಅವರು ಕರೆದದ್ದು ಅತ್ತೆ ಎಂದೇ.

ಫ್ಲ್ಯಾಟಿನಲ್ಲಿ ಮಲಗುವ ಕೋಣೆ ಎರಡೇ. ಒಂದು ಅಣ್ಣನಿಗೆ, ಒಂದು ಮಕ್ಕಳಿಗೆ. ತಂಗಿಗೆಂದು ಅಣ್ಣ ಹಿಂದಿನ ಬಾಲ್ಕನಿಯ ಕಂಬಿಗಳಿಗೆ ಹಲಗೆ ಹೊಡೆದು, ಮೇಲೆ ತಗಡು ಇಳಿಸಿ, ಒಂದು ಕಿಟಕಿ ಕೂರಿಸಿದ. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ. ಒಂದು ಕಬ್ಬಿಣದ ಮಂಚ, ಅದರ ಕೆಳಗೆ ಟ್ರಂಕು. ಬಾಗಿಲಿರಲಿಲ್ಲ, ಪರದೆ ಇತ್ತು. ಅಣ್ಣ ಸತ್ತ, ಶಿರೋಮಣಿ ಮದುವೆಯಾಗಿ ಆಕ್ಲೆಂಡಿಗೆ ಹೋದಳು, ಸುರುಜ್ ಬಸ್ ಡ್ರೈವರನಾದ, ಅಂಜುಲಾ ಸೊಸೆಯಾಗಿ ಬಂದಳು, ಅವರಿಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿ ಎರಡನೇ ಕೋಣೆ ಅವರದಾಯಿತು. ಬಾಲ್ಕನಿ ಮಾತ್ರ ಯಾರ ಕೈಗೂ ಹೋಗದೆ ಸುಮಿಂತ್ರಾಳದಾಗಿಯೇ ಉಳಿಯಿತು.

ಆ ಮನೆಯಲ್ಲಿ ಅವಳಿಗೆ ಸಂಬಳ ಇಲ್ಲ, ಬೀಗದ ಕೈ ಇಲ್ಲ. ಇದ್ದದ್ದು ಒಂದೇ, ಮಡಿಯ ಮಾತು. ಯಾವ ದಿನ ತಲೆಗೆ ಎಣ್ಣೆ ಹಚ್ಚಬಾರದು, ಯಾವ ಪಾತ್ರೆಯ ನೀರು ದೇವರಿಗೆ, ಅವಳೇ ಹೇಳಬೇಕು. ಒಗೆಯಲು ಮೂರು ಬಕೆಟ್ ಇಟ್ಟಿದ್ದಳು. ಕೆಂಪು ಬಕೆಟ್ ದೇವರ ವಸ್ತ್ರಕ್ಕೆ, ನೀಲಿಯದು ಮೇಲಿನ ಬಟ್ಟೆಗೆ, ಹಸಿರಿನದು ಒಳಬಟ್ಟೆಗೆ. ಒಂದರ ನೀರು ಒಂದಕ್ಕೆ ತಾಗುವಂತಿಲ್ಲ. ಮನೆಯವರು ಅವಳ ಕಣ್ಣೆದುರು ಪಾಲಿಸುತ್ತಿದ್ದರು, ಬೆನ್ನ ಹಿಂದೆ ಮರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ನಮ್ಮವರ ಎಲ್ಲ ಮನೆಯಲ್ಲೂ ಅಷ್ಟೇ.

ಒಗೆಯುವುದು ಹಿತ್ತಿಲ ಸಿಮೆಂಟ್ ತೊಟ್ಟಿಯಲ್ಲಿ. ಐದು ಜನರ ಬಟ್ಟೆ, ಅದರಲ್ಲಿ ಸುರುಜನ ಖಾಕಿಯೂ ಸೇರಿ, ಬಕೆಟ್ಟಿನಲ್ಲಿ ಹೊತ್ತು ಇಳಿಯುತ್ತಿದ್ದಳು, ಹಿಂಡಿ ಹೊತ್ತು ಹತ್ತುತ್ತಿದ್ದಳು. ಸುವಾದ ಮಳೆಗೆ ಹೊತ್ತುಗೊತ್ತಿಲ್ಲ. ಹಗ್ಗಕ್ಕೆ ಹಾಕುವುದು, ಹನಿ ಬಿದ್ದರೆ ಓಡಿಬಂದು ತೆಗೆಯುವುದು, ಮತ್ತೆ ಹಾಕುವುದು. ವಾರಗಟ್ಟಲೆ ಒಣಗದೆ ಬಟ್ಟೆಗೆ ಬೂಷ್ಟಿನ ವಾಸನೆ ಹತ್ತುತ್ತಿತ್ತು. ಆ ಹೊತ್ತಿಗೆ ಅವಳ ಮೊಣಕಾಲು ಎರಡೂ ಕುಂಬಳಕಾಯಿಯಂತೆ ಊದಿದ್ದವು. ಮೆಟ್ಟಿಲಿನ ನಡುವೆ ಬಕೆಟ್ ಇಳಿಸಿ ನಿಲ್ಲುತ್ತಿದ್ದಳು. ನಾನು ಬಾಗಿಲಿಗೆ ಬಂದು, ಕೊಡು ನಾನು ಒಯ್ಯುತ್ತೇನೆ ಎಂದರೆ, ನಿನ್ನ ಸೊಂಟ ನೆಟ್ಟಗಿದೆಯಾ ಮೊದಲು ನೋಡಿಕೋ ಅತ್ತಿಗೆ ಎನ್ನುತ್ತಿದ್ದಳು. ನೆರೆಯವಳಾದ ನನ್ನನ್ನು ಅವಳು ಕರೆಯುತ್ತಿದ್ದುದು ಹಾಗೆ.

ಶಿರೋಮಣಿಗೆ ಈ ಮೊಣಕಾಲಿನ ಸುದ್ದಿ ಹೋಯಿತು. ಆಕ್ಲೆಂಡಿನಲ್ಲಿ ಅವಳು ಹೊಸ ಮನೆ ಮಾಡಿ ಹೊಸ ಮೆಷಿನ್ನು ತಂದುಕೊಂಡಿದ್ದಳು. ಹಳೆಯ ವಾಷಿಂಗ್ ಮೆಷಿನ್ನು, ಜೊತೆಗೆ ಬಟ್ಟೆ ಒಣಗಿಸುವ ಡ್ರೈಯರ್ರು, ಎರಡನ್ನೂ ಕಂಟೇನರಿನಲ್ಲಿ ಹಾಕಿ ಕಳಿಸುತ್ತೇನೆಂದು ಫೋನು ಮಾಡಿದಳು. ಅತ್ತೆಯ ಮೊಣಕಾಲಿಗೋಸ್ಕರ ಕಳಿಸುತ್ತಿದ್ದೇನೆ, ಇನ್ನು ಅತ್ತೆ ಮೆಟ್ಟಿಲು ಇಳಿಯಬಾರದು ಎಂದಳಂತೆ. ಹಾಗೆ ಹೇಳಿ ಕಳಿಸಿದ್ದನ್ನು ಬೇಡ ಎನ್ನುವುದು ಹೇಗೆ? ಸುಮಿಂತ್ರಾ ಆ ವಾರವೆಲ್ಲ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ, ನನ್ನ ಮಗಳು ನನಗೆ ಮೆಷಿನ್ನು ಕಳಿಸುತ್ತಿದ್ದಾಳೆ ಎಂದು ಹೇಳಿದಳು. ನನ್ನ ಮಗಳು ಎಂದು ಅವಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಾಮಾನು ಬರುವ ಮುಂಚಿನ ಶನಿವಾರ ನಾನು ಮೇಲೆ ಕೂತು ಅವಳ ಜೊತೆ ಅಕ್ಕಿ ಆರಿಸುತ್ತಿದ್ದೆ. ಅಂಜುಲಾ ಗಾರ್ಮೆಂಟ್ ಫ್ಯಾಕ್ಟರಿಯವಳು, ಅಳತೆಯ ಟೇಪು ಸದಾ ಕೊರಳಲ್ಲಿರುತ್ತಿತ್ತು. ಅವಳು ಒಂದೊಂದು ಗೋಡೆಯನ್ನೂ ಅಳೆದು ಒಂದೊಂದು ಜಾಗ ಕೇಳತೊಡಗಿದಳು.

ಮೊದಲು ಮುಂದಿನ ಕೋಣೆ. ಅಲ್ಲಿ ಮೂಲೆಯಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ರಾಮಾಯಣ ಮಣೆಯ ಮೇಲಿತ್ತು, ಮೇಲೆ ಹನುಮಂತನ ಪಟ. ಮಂಗಳವಾರ ಮಂಡಳಿಯವರು ಬಂದು ಪಾರಾಯಣ ಮಾಡುವುದು ಅಲ್ಲೇ. ಸುಮಿಂತ್ರಾ ತಲೆಯೆತ್ತದೆ ಹೇಳಿದಳು. ರಾಮಾಯಣದ ಎದುರಿಗೆ ಊರವರ ಒಳಬಟ್ಟೆ ಗರಗರ ತಿರುಗಿಸುತ್ತಾರೇನು?

ಆಮೇಲೆ ಅಡುಗೆಮನೆ. ಸಿಂಕಿನ ಪಕ್ಕ ಗೂಡು ತೆಗೆದರೆ ಒಂದರ ಮೇಲೊಂದು ಇಡಬಹುದು ಎಂದಳು ಅಂಜುಲಾ. ಅನ್ನ ಬೇಯುವ ಕಡೆ ಮೈಲಿಗೆ ಬಟ್ಟೆ ಬರಬಾರದು, ಅದೂ ಪ್ರಸಾದ ಮಾಡುವ ಒಲೆ ಎಂದು ಇವಳು ಅಂದಳು.

ಆಮೇಲೆ ಬಚ್ಚಲು. ಅದರೊಳಗೇ ಕಕ್ಕಸು. ದೇವರ ವಸ್ತ್ರ ಕಕ್ಕಸಿನ ಪಕ್ಕ ಒಗೆಯುವ ಕಾಲ ಬಂತಾ ಎಂದು ಕೇಳಿ ಸುಮಿಂತ್ರಾ ನಕ್ಕಳು, ನನ್ನ ಕಡೆ ನೋಡಿ. ಎಷ್ಟು ದಿನಗಳ ಮೇಲೆ ಅವಳನ್ನು ಇಷ್ಟು ಮರ್ಯಾದೆಯಿಂದ, ಇಷ್ಟು ವಿವರವಾಗಿ ಕೇಳುತ್ತಿದ್ದರು. ಅವಳ ಮುಖ ಅರಳಿತ್ತು. ಒಂದೊಂದು ಜಾಗವನ್ನೂ ಹುಳುಕು ಅಕ್ಕಿ ಎಸೆದಂತೆ ಎಸೆಯುತ್ತಿದ್ದಳು.

ಅಂಜುಲಾ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ಮತ್ತೆ ಮೆತ್ತಗೆ ಕೇಳಿದಳು.

"ಹಾಗಾದ್ರೆ ನೀವೇ ಹೇಳಿ ಅತ್ತೆ. ಉಳಿದಿದ್ದು ಯಾವ ಜಾಗ?"

ಸುಮಿಂತ್ರಾಳ ಕೈ ಮೊರದಲ್ಲೇ ನಿಂತಿತು. ಉಳಿದದ್ದು ಯಾವುದೆಂದು ನನಗೆ ಅವಳಿಗಿಂತ ಸ್ವಲ್ಪ ಮೊದಲೇ ಹೊಳೆದಿತ್ತು. ನಮ್ಮ ಮನೆಯಲ್ಲಿ ಇಡಿ ಎಂದು ನಾನು ಹೇಳಬಹುದಿತ್ತು. ದಿನವಿಡೀ ಬಾಗಿಲು ತಟ್ಟುತ್ತಾರೆ, ಕರೆಂಟು ಯಾರದು ಎಂಬ ಮಾತು ಬರುತ್ತದೆ ಎಂದು ಯೋಚಿಸಿ ಸುಮ್ಮನಿದ್ದೆ. ಸುರುಜ್ ಬಾಗಿಲಲ್ಲಿ ಶೂ ಒರೆಸುತ್ತಿದ್ದ. ಒರೆಸಿದ ಶೂವನ್ನೇ ಮತ್ತೆ ಒರೆಸಿದ.

"ಹಿಂದುಗಡೆ ಇದೆಯಲ್ಲ," ಎಂದಳು ಸುಮಿಂತ್ರಾ. "ನಲ್ಲಿಯೂ ಹತ್ರ."

ಬಿಚ್ಚಿದ ಮಂಚ ಬೀರುವಿನ ಹಿಂದೆ ಸೇರಿತು. ಟ್ರಂಕು ಊಟದ ಮೇಜಿನ ಕೆಳಗೆ ಹೋಯಿತು. ಕಂಟೇನರ್ ಬಂದ ದಿನ ನಾಲ್ಕು ಜನ ಸೇರಿ ಮೆಷಿನ್ನು ಹತ್ತಿಸಿದರು. ಬಾಲ್ಕನಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಬ್ಬರು ನಿಂತು ಬಟ್ಟೆ ಹಾಕುವಷ್ಟು ಜಾಗ ಉಳಿಯಿತು. ಪರದೆಯನ್ನು ಅಂಜುಲಾ ಬಿಚ್ಚಿ ಅದೇ ಮೆಷಿನ್ನಿನಲ್ಲಿ ಮೊದಲ ಬಟ್ಟೆಯಾಗಿ ಹಾಕಿದಳು. ಚೆನ್ನಾಗಿ ಬೆಳ್ಳಗಾಯಿತು.

ಇನ್ನು ಸುಮಿಂತ್ರಾ ಮಲಗುವುದು ಮುಂದಿನ ಕೋಣೆಯಲ್ಲಿ. ಅಲ್ಲಿಯೂ ಅವಳದೇ ಮಾತುಗಳು ಕಾದು ಕೂತಿದ್ದವು. ರಾಮಾಯಣದ ಕಡೆ ಕಾಲು ಚಾಚುವಂತಿಲ್ಲ. ಉತ್ತರಕ್ಕೆ ತಲೆ ಹಾಕುವಂತಿಲ್ಲ. ಸೋಫಾ ಬಂದವರು ಕೂರುವುದು, ಅದರ ಮೇಲೆ ಮಲಗುವಂತಿಲ್ಲ. ಚಾಪೆಯನ್ನು ಹೀಗೆ ಹಾಗೆ ತಿರುಗಿಸಿ ನೋಡಿ ನೋಡಿ, ಕೊನೆಗೆ ಉಳಿದದ್ದು ಹೊರಬಾಗಿಲಿಗೆ ಅಡ್ಡವಾಗಿ. ಸುರುಜನ ಮೊದಲ ಬಸ್ಸು ಬೆಳಕು ಹರಿಯುವ ಮುಂಚೆ ಹೊರಡುತ್ತದೆ. ಮಲಗಿದ ಹಿರಿಯರನ್ನು ದಾಟಬಾರದೆಂದು ಅವನಿಗೆ ಕಲಿಸಿದವಳು ಇವಳೇ. ಹಾಗಾಗಿ ದಿನವೂ ಅತ್ತೆ ಅತ್ತೆ ಎಂದು ಎಬ್ಬಿಸುತ್ತಿದ್ದ. ಇವಳು ಮೊಣಕಾಲು ಹಿಡಿದು ಎದ್ದು, ಚಾಪೆ ಎಳೆದು, ಬಾಗಿಲು ಬಿಡುತ್ತಿದ್ದಳು. ಮತ್ತೆ ಮಲಗಿದರೆ ಹಾಲಿನವ, ಆಮೇಲೆ ಅಂಜುಲಾ, ಆಮೇಲೆ ಹುಡುಗಿಯರು. ಮಂಗಳವಾರವಂತೂ ಕೇಳಬೇಡಿ. ಪಾರಾಯಣ ಮುಗಿದ ಮೇಲೆ ಗಂಡಸರು ಬೇರು ಅರೆದ ಮಂಪರಿನ ಪಾನೀಯ ಯಂಗೋನಾದ ಬೋಗುಣಿಯ ಸುತ್ತ ಕೂತರೆ ಏಳುವವರಲ್ಲ. ಮೊದಲಾದರೆ ಅವಳು ಪರದೆ ಎಳೆದು ಮಲಗಿಬಿಡುತ್ತಿದ್ದಳು. ಈಗ ಬೋಗುಣಿ ಬರಿದಾಗುವವರೆಗೆ ಅಡುಗೆಮನೆಯಲ್ಲಿ ಎಣ್ಣೆ ಡಬ್ಬದ ಮೇಲೆ ಕೂತಿರುತ್ತಿದ್ದಳು.

ಹಗಲಿಗೆ ಕೆಲಸವೂ ಇರಲಿಲ್ಲ. ಮೆಷಿನ್ನಿನ ಗುಂಡಿ ಮುಟ್ಟಲು ಹೆದರಿಕೆ. ಅಂಜುಲಾ ಫ್ಯಾಕ್ಟರಿಯಿಂದ ಬಂದು ಸಂಜೆ ಓಡಿಸುತ್ತಿದ್ದಳು. ಇನ್ನು ನೀವು ಆರಾಮಾಗಿ ರಾಮಾಯಣ ಓದುತ್ತಾ ಕೂತಿರಿ ಅತ್ತೆ ಎಂದಳಂತೆ. ಸುಮಿಂತ್ರಾಳಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಬರುತ್ತಿತ್ತು, ಅಷ್ಟೇ.

ನನ್ನ ಅಡುಗೆಮನೆಗೆ ಬಂದು ಕೂರತೊಡಗಿದಳು. ಮರಗೆಣಸು ಸುಲಿಯುತ್ತಾ ನಾನು ಒಂದು ದಿನ ಉಪಾಯ ಹೇಳಿದೆ. ಸೀತಮ್ಮ ಕಾಡಿನಲ್ಲಿದ್ದಾಗ ಗುಡಿಸಿಲಿಗೆ ಎಷ್ಟು ಕೋಣೆ ಇತ್ತು? ಅಲ್ಲೇ ಅಡುಗೆ, ಅಲ್ಲೇ ಪೂಜೆ, ಅಲ್ಲೇ ಬಟ್ಟೆ. ಅದನ್ನೇ ಹೇಳಿ ಮೆಷಿನ್ನನ್ನು ಅಡುಗೆಮನೆಗೆ ತರಿಸು ಎಂದೆ.

"ಸೀತಮ್ಮನ ಹತ್ರ ಡ್ರೈಯರ್ ಇರ್ಲಿಲ್ಲ ಅತ್ತಿಗೆ," ಎಂದಳು.

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವಳು ಗೆಣಸಿನ ಸಿಪ್ಪೆಯನ್ನು ಒಂದೊಂದಾಗಿ ಜೋಡಿಸುತ್ತಾ ಹೇಳಿದಳು.

"ಆ ಮನೇಲಿ ನನ್ನದು ಅಂತ ಇರೋದು ನನ್ನ ಮಾತೊಂದೇ. ಅದನ್ನ ನಾನೇ ತಿರುಗಿಸಿ ನುಂಗಿದ್ರೆ, ನಾಳೆ ಯಾರು ಕೇಳ್ತಾರೆ? ಜಾಗವೂ ಇಲ್ಲ, ಮಾತೂ ಇಲ್ಲ ಅಂದ್ರೆ ನಾನು ಅಲ್ಲಿ ಇರೋದಾದ್ರೂ ಯಾಕೆ?"

ನಾನು ಇನ್ನೊಂದು ಗೆಣಸು ಎತ್ತಿಕೊಂಡೆ.

ದೀಪಾವಳಿಗೆ ಶಿರೋಮಣಿ ಬಂದಳು, ಎರಡು ವಾರಕ್ಕೆ. ಬಂದವಳು ಚೀಲ ಇಳಿಸುವ ಮೊದಲೇ ಅತ್ತೆಯ ಮೊಣಕಾಲು ಮುಟ್ಟಿ ನೋಡಿ, ಎಷ್ಟು ಇಳಿದಿದೆ ಎಂದಳು. ಇಳಿದದ್ದು ನಿಜ. ಮೆಷಿನ್ನು ನೋಡುತ್ತೇನೆಂದು ಹಿಂದಕ್ಕೆ ಹೋದಳು. ನಾನು ಹಬ್ಬದ ತಿಂಡಿಯ ತಟ್ಟೆ ಹಿಡಿದು ಅಲ್ಲೇ ಇದ್ದೆ. ಅವಳು ಅಲ್ಲಿ ನಿಂತು ಮೆಷಿನ್ನು ನೋಡಿದಳು, ಗೋಡೆ ನೋಡಿದಳು, ಅಪ್ಪ ಹೊಡೆದಿದ್ದ ಹಲಗೆ ನೋಡಿದಳು. ತಿರುಗಿ ಬಂದು ಕೇಳಿದಳು, ಅತ್ತೆ ಈಗ ಎಲ್ಲಿ ಮಲಗುತ್ತಾರೆ?

ಅಂಜುಲಾ ಚಹಾದಲ್ಲಿ ಚಮಚ ತಿರುಗಿಸಿದಳು. ಸಕ್ಕರೆ ಯಾವಾಗಲೋ ಕರಗಿತ್ತು. ಸುರುಜನ ಕಿವಿ ಕೆಂಪಾಯಿತು. ಹೊಸಿಲಲ್ಲಿ ಅತ್ತೆಯನ್ನು ಅಡ್ಡ ಮಲಗಿಸಿದ್ದೇವೆ ಎಂದು ಅಕ್ಕನಿಗೆ ಯಾವ ಬಾಯಲ್ಲಿ ಹೇಳಬೇಕು? ಮೆಷಿನ್ನು ಬಂದದ್ದೇ ಅತ್ತೆಯ ಹೆಸರಿನಲ್ಲಿ.

"ನಾನು ಕೆಳಗಡೆ ಅತ್ತಿಗೆ ಮನೇಲಿ ಮಲಗ್ತೀನಿ ಕಣೇ," ಎಂದಳು ಸುಮಿಂತ್ರಾ, ಸಲೀಸಾಗಿ. "ಅಣ್ಣ ಹೋದ ಮೇಲೆ ಅವಳಿಗೆ ಒಬ್ಬಳಿಗೇ ಭಯ. ರಾತ್ರಿ ಬೆಕ್ಕು ಹಾರಿದ್ರೂ ಕೂಗ್ತಾಳೆ."

ಅಣ್ಣ ಎಂದರೆ ನನ್ನ ಯಜಮಾನರು. ಅವರು ಹೋಗಿ ಒಂಬತ್ತು ವರ್ಷವಾಗಿತ್ತು, ನನಗೆ ಯಾವ ಬೆಕ್ಕಿನ ಭಯವೂ ಇರಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಹೌದಮ್ಮ, ಬಹಳ ಭಯ ಎಂದೆ.

ಆ ಸಂಜೆಯೇ ದಿಂಬು ಚಾಪೆ ಹಿಡಿದು ಕೆಳಗೆ ಬಂದಳು. ಸುಳ್ಳನ್ನು ಅರ್ಧಕ್ಕೆ ಬಿಡುವವಳಲ್ಲ. ನನ್ನ ಮನೆಯಲ್ಲಿ ನಾನೊಬ್ಬಳೇ, ಎಲ್ಲಿ ಬೇಕಾದರೂ ಹಾಸಿಕೋ, ಇಲ್ಲಿ ಯಾವ ಕಟ್ಟುಪಾಡೂ ಇಲ್ಲ ಎಂದೆ. ಅದೇ ತಪ್ಪಾಯಿತೋ ಏನೋ. ಚಾಪೆಯನ್ನು ಕಿಟಕಿಯ ಹತ್ತಿರ ಹಾಸಿದಳು, ಗೋಡೆಗೆ ಎಳೆದಳು, ಮತ್ತೆ ನನ್ನ ಮಂಚದ ಕಾಲಬಳಿ ತಂದಳು. ಕಣ್ಣು ಮುಚ್ಚಲಿಲ್ಲ. ಮೇಲೆ ಹೆಜ್ಜೆ ಸಪ್ಪಳವಾದರೆ, ಅದು ಸುರುಜ್, ಅದು ಚಿಕ್ಕ ಹುಡುಗಿ ನೀರಿಗೆ ಎದ್ದಳು ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ನಾನು ಕೇಳಿದ್ದನ್ನು ಈಗ ಅವಳು ಕೇಳುತ್ತಿದ್ದಳು. ಬೆಳಗಾದರೆ ಮೇಲೆ ಹೋಗಿ ದೀಪ ಹಚ್ಚಿ ಬರುತ್ತಿದ್ದಳು, ಪರರ ಮನೆಗೆ ಹೂ ಕೊಡಲು ಹೋಗುವವಳ ಹಾಗೆ, ಬಾಗಿಲು ತಟ್ಟಿ.

ಶಿರೋಮಣಿ ಹೋದಳು. ಹೋಗುವಾಗ ನನ್ನ ಕೈ ಹಿಡಿದು, ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ ಎಂದಳು. ಅವಳು ಹೋದ ಮೇಲೆ ಸುಮಿಂತ್ರಾ ಮೇಲೆ ಹೋಗಬಹುದಿತ್ತು. ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ಒಂದು ಮಂಗಳವಾರ ಕಳೆಯಿತು. ಎರಡನೆಯ ಮಂಗಳವಾರ ಮಂಡಳಿಯ ಹಿರಿಯರೊಬ್ಬರು, ನಿಮ್ಮ ಅತ್ತೆ ಮನೆ ಬಿಟ್ಟರೇನು ಎಂದು ಸುರುಜನನ್ನು ಎಲ್ಲರೆದುರು ಕೇಳಿದರಂತೆ. ಅದು ನನ್ನ ಕಿವಿಗೆ ಬಿದ್ದ ಮೂರನೇ ದಿನ, ಭಾನುವಾರ, ಸುರುಜ್ ಕೆಳಗೆ ಬಂದ.

ಬಂದವನು ಕುರ್ಚಿಯ ತುದಿಯಲ್ಲಿ ಕೂತ. ನಾನು ಚಹಾ ಕೊಟ್ಟೆ, ಕುಡಿಯಲಿಲ್ಲ. ಸುಮಿಂತ್ರಾ ನೆಲದ ಮೇಲೆ ಕೂತು ನನ್ನ ಸೊಪ್ಪು ಬಿಡಿಸುತ್ತಿದ್ದಳು.

"ಮೇಲೆ ಬನ್ನಿ ಅತ್ತೆ," ಎಂದ. "ಮೆಷಿನ್ನ ಅಡುಗೆಮನೆಗೆ ಹಾಕ್ತೀವಿ. ಪರವಾಗಿಲ್ಲ ಅಂತ ನೀವೊಂದು ಮಾತು ಅಂದ್ಬಿಡಿ, ಸಾಕು."

ಅವಳು ಸೊಪ್ಪಿನ ದಂಟು ಮುರಿಯುತ್ತಲೇ ಇದ್ದಳು.

"ಮಂಗಳವಾರ ಡಿಪೋದಲ್ಲಿ ಕೋಳಿ ತಿಂತೀಯ. ನನ್ನ ಕೇಳಿ ತಿಂದ್ಯಾ?"

ಅವನು ಕುರ್ಚಿಯ ತುದಿಗೆ ಇನ್ನಷ್ಟು ಸರಿದ.

"ಅಂಜುಲಾ ಹಸಿರು ಬಕೆಟ್‌ನಲ್ಲಿ ಅಕ್ಕಿ ತೊಳೆದಿದ್ದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಬೈದ್ನಾ? ಒಂದು ದಿನವೂ ನನ್ನ ಮಾತು ಕೇಳದವರು, ನನ್ನ ಮಂಚ ತೆಗೆಯೋ ದಿನ ಮಾತ್ರ ಅಕ್ಷರ ಬಿಡದೆ ಕೇಳಿದ್ರಿ."

"ನೀವೇ ಹೇಳಿದ್ರಲ್ಲ ಅತ್ತೆ, ಹಿಂದುಗಡೆ ಇದೆ ಅಂತ."

"ನಾನು ಬೇಡ ಅಂದಿದ್ದು ಮೂರು ಜಾಗ, ಸುರುಜ್. ನಾಲ್ಕನೇದನ್ನ ನೀನು ಬೇಡ ಅನ್ನಬಹುದಿತ್ತು."

ಇಷ್ಟನ್ನೂ ಅವಳು ಅಂಗಡಿಯಲ್ಲಿ ಬೆಲೆ ಕೇಳುವವಳ ದನಿಯಲ್ಲಿ ಹೇಳಿದಳು. ಅವನ ಕಣ್ಣು ಚಹಾ ಲೋಟದಲ್ಲೇ ಇತ್ತು. ನನಗೂ ತಲೆ ಎತ್ತಲಾಗಲಿಲ್ಲ. ಆ ಶನಿವಾರ ಮೊರ ಹಿಡಿದು ಅಲ್ಲೇ ಕೂತಿದ್ದವಳಲ್ಲವೇ ನಾನು? ಕೊನೆಗೆ ಅವನು ಎದ್ದು, ಅವಳ ಕಾಲು ಮುಟ್ಟಿ, ಮೆಟ್ಟಿಲು ಹತ್ತಿ ಹೋದ.

ಮಾರನೆಯ ದಿನ ರಜೆ ಹಾಕಿ ಮರದ ತುಂಡು ತಂದ. ಬೆಳಿಗ್ಗೆಯಿಂದ ನನ್ನ ತಲೆಯ ಮೇಲೆ ಸುತ್ತಿಗೆಯ ಸದ್ದು. ಹಿಂದಿನ ಗೋಡೆಗೆ ದಪ್ಪ ಚೌಕಟ್ಟು ಕೂರಿಸಿ, ಡ್ರೈಯರನ್ನು ವಾಷಿಂಗ್ ಮೆಷಿನ್ನಿನ ಮೇಲಕ್ಕೆ, ಮುಚ್ಚಳ ತೆರೆಯುವಷ್ಟು ಎತ್ತರಕ್ಕೆ ಎತ್ತಿ ಕೂರಿಸಿದ. ಸಂಜೆ ಅಂಜುಲಾ ಬಂದು ಕರೆದಳು. ಅವಳ ಕಣ್ಣು ಊದಿತ್ತು. ನಾವಿಬ್ಬರೂ ಹೋದೆವು.

ಡ್ರೈಯರ್ ಇದ್ದ ಕಡೆ ನೆಲ ಕಾಣುತ್ತಿತ್ತು. ಆದರೆ ನೀರಿನ ಪೈಪು ಅಡ್ಡ ಬಂದಿತ್ತು, ಹೊಲಸು ನೀರು ಹೋಗುವ ಕೊಳವೆ ಇನ್ನೊಂದು ಕಡೆ. ಎಲ್ಲ ಕಳೆದು ಉಳಿದದ್ದು ಮೆಷಿನ್ನಿಗೂ ಹಲಗೆಗೂ ನಡುವಿನ ಒಂದು ಪಟ್ಟಿ. ಸುಮಿಂತ್ರಾ ಬಗ್ಗಿ ಕೈಯಿಂದ ಅಳೆದಳು. ಎರಡು ಗೇಣು, ಮೇಲೆ ಮೂರು ಬೆರಳು. ಮಂಚ ಕೂರುವುದಿಲ್ಲ. ಚಾಪೆಯನ್ನೂ ಒಂದು ಅಂಚು ಮಡಚಬೇಕು. ಸುರುಜ್ ಸುತ್ತಿಗೆ ಹಿಡಿದೇ ನಿಂತಿದ್ದ. ಇದಕ್ಕಿಂತ ಆಗಲಿಲ್ಲ ಅತ್ತೆ ಎಂದ.

ಅವಳು ಆ ಪಟ್ಟಿಯಲ್ಲಿ ನಿಂತಳು. ಕಿಟಕಿ ತೆರೆದು ಮುಚ್ಚಿದಳು. ಆಮೇಲೆ ತನ್ನ ಹಳೆಯ ದನಿಯಲ್ಲಿ ಹೇಳಿದಳು, ನಾಲ್ಕು ತಿಂಗಳಿಂದ ನಾನು ಕೇಳಿರದ ದನಿ.

"ಸಂಜೆ ದೀಪ ಹಚ್ಚಿದ ಮೇಲೆ ಬೆಳಗಿನ ದೀಪದವರೆಗೆ ಮನೇಲಿ ಬಟ್ಟೆ ಒಗೀಬಾರದು. ಲಕ್ಷ್ಮಿ ಒಳಗೆ ಬರೋ ಹೊತ್ತು. ಕೊಳೆ ನೀರು ಹೊರಗೆ ಹೋಗಕೂಡದು."

ಇಂಥ ಮಾತನ್ನು ನಾನು ನನ್ನ ಅಜ್ಜಿಯ ಬಾಯಲ್ಲೂ ಕೇಳಿರಲಿಲ್ಲ. ಅಂಜುಲಾಗೂ ಅನುಮಾನ ಬಂದಿರಬೇಕು. ನಾನು ಫ್ಯಾಕ್ಟರಿಯಿಂದ ಬರುವುದೇ ದೀಪದ ಹೊತ್ತಿಗಲ್ಲವೇ, ಮತ್ತೆ ಯಾವಾಗ ಒಗೆಯುವುದು ಎಂದು ಕೇಳಿದಳು. ಹಗಲು ನಾನು ಒಗೆಯುತ್ತೇನೆ, ಗುಂಡಿ ಯಾವುದೆಂದು ತೋರಿಸು ಎಂದಳು ಸುಮಿಂತ್ರಾ. ಅಂಜುಲಾ ಗಂಡನನ್ನು ನೋಡಿದಳು. ಸುರುಜ್ ಸುತ್ತಿಗೆ ಕೆಳಗಿಟ್ಟು, ಅತ್ತೆ ಹೇಳಿದ ಹಾಗೆ ಎಂದ. ಅಲ್ಲಿಗೆ ಮುಗಿಯಿತು.

ಹೀಗೆ ಅವಳು ಮೇಲೆ ಹೋದಳು. ಹಗಲೆಲ್ಲ ಆ ಮೆಷಿನ್ನು ಓಡಿಸಿದಳು. ಮೂರು ಬಕೆಟ್ಟಿನ ಬಟ್ಟೆಯನ್ನು ಮೂರು ಸಲ, ನಡುವೆ ಬರಿನೀರು ತಿರುಗಿಸಿ. ಕರೆಂಟಿನ ಬಿಲ್ಲು ನೋಡಿ ಅಂಜುಲಾ ಹಲ್ಲು ಕಚ್ಚಿದರೂ ಬಾಯಿ ಬಿಡಲಿಲ್ಲ. ಕತ್ತಲಾದರೆ ಬಾಲ್ಕನಿ ಅವಳದು. ಪರದೆ ಮತ್ತೆ ತೂಗಿತು. ಆಮೇಲೆ ಹನ್ನೊಂದು ವರ್ಷ ಬದುಕಿದಳು, ಅಲ್ಲೇ ಮಲಗಿದಳು.

ಜಾಗ ಸಾಕಾಗುತ್ತದೆಯೇ ಎಂದು ಒಮ್ಮೆ ಕೇಳಿದ್ದೆ. ಬಲ ಮಗ್ಗುಲಿಗೆ ಮಲಗಿದರೆ ಸಾಕಾಗುತ್ತದೆ ಎಂದಳು. ಮೊಣಕಾಲು ಮಡಚಲು ಜಾಗ ಒಂದೇ ಕಡೆ ಇದ್ದದ್ದರಿಂದ, ಎಡಕ್ಕೆ ತಿರುಗಬೇಕೆನಿಸಿದರೆ ಅಲ್ಲಿಯೇ ಹೊರಳಲು ಆಗುವುದಿಲ್ಲವಂತೆ. ಮೆಷಿನ್ನು ಹಿಡಿದು ಎದ್ದು ನಿಂತು, ನಿಂತಲ್ಲೇ ತಿರುಗಿ, ದಿಂಬನ್ನು ಆ ತುದಿಯಿಂದ ಈ ತುದಿಗೆ ತಂದು, ಮತ್ತೆ ಮಲಗಬೇಕಂತೆ. ರಾತ್ರಿಗೆ ಎರಡು ಸಲವೋ ಮೂರು ಸಲವೋ, ಅವಳು ಹೀಗೆ ಎದ್ದು ತಿರುಗುವುದು ನನಗೆ ಕೆಳಗೆ ಕೇಳಿಸುತ್ತಿತ್ತು.